ಪೌಡರ್ ಫಾರಿನ್ನು, ನೀರು ಜಗಳೂರಿಂದು!

ಫಾರಿನ್ ಸೆಂಟು, ಫಾರಿನ್ ವಾಚು ಆಯ್ತು. ಈಗ ಫಾರಿನ್ ಬಟ್ಟೆ ಸೋಪಿನ ಪುಡಿಯ ಸರದಿ. ದುಬೈಯಲ್ಲಿ ದುಡಿಯುವ ಮಗ ರಜಕ್ಕೆ ಬರುವಾಗ ಸೂಟ್‌ಕೇಸಿನಲ್ಲಿ ಒಂದು ಡಬ್ಬ ತರುತ್ತಾನೆ. ಲಂಡನ್ನಿನಲ್ಲಿರುವ ಮಗಳು ಇನ್ನೊಂದು ಕಳಿಸುತ್ತಾಳೆ. ಹೊರದೇಶದಲ್ಲಿ ಯಾರೂ ಇಲ್ಲದವರಿಗೆ ಮೊಬೈಲು ಇದ್ದೇ ಇದೆ. ಬೆರಳು ಒತ್ತಿದರೆ ಡಬ್ಬ ಚನ್ನಗಿರಿಯ ಮನೆ ಬಾಗಿಲಿಗೇ ಬರುತ್ತೆ. ಬೆಲೆ ಮಾತ್ರ ಕೇಳಬೇಡಿ. ಕೇಳಿದರೆ ಒಗೆಯೋದಕ್ಕಿಂತ ಹೊಸ ಪಂಚೆ ಕೊಳ್ಳೋದೇ ವಾಸಿ ಅನ್ನಿಸೀತು.

ಅವರವರ ದುಡ್ಡು, ಅವರವರ ಇಷ್ಟ. ಬೇಡ ಅನ್ನೋಕೆ ನಾವ್ಯಾರು? ಆದರೆ ಒಂದು ಮಾತನ್ನು ಯಾರೂ ಹೇಳುತ್ತಿಲ್ಲ. ಬಟ್ಟೆ ಒಗೆಯೋದು ಬರೀ ಪುಡಿಯಲ್ಲ ಸ್ವಾಮಿ, ಅರ್ಧ ಕೆಲಸ ನೀರಿನದು. ಪುಡಿ ಯಾವ ದೇಶದ್ದಾದರೂ ಇರಲಿ, ನೀರು ನಮ್ಮೂರಿನದೇ ತಾನೆ?

ನಾಲ್ಕು ಊರು, ನಾಲ್ಕು ನೀರು

ನಮ್ಮ ಜಿಲ್ಲೆಯನ್ನೇ ನೋಡಿ. ಹೊನ್ನಾಳಿಗೆ ತುಂಗಭದ್ರೆ ಮಗ್ಗುಲಲ್ಲೇ ಇದೆ. ಚನ್ನಗಿರಿ ಸೀಮೆಗೆ ಸೂಳೆಕೆರೆ ಇದೆ, ಭದ್ರಾ ನಾಲೆ ಇದೆ. ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದ ನ್ಯಾಮತಿ ಕಡೆ ನಲ್ಲಿ ನೀರೇ ಒಂದು ಥರ, ಬೋರ್ ನೀರೇ ಒಂದು ಥರ. ಜಗಳೂರಿನದು ಬರದ ನಾಡು. ಅಲ್ಲಿಯ ಜನಕ್ಕೆ ಬಹುಕಾಲ ಕೊಳವೆಬಾವಿಯೇ ಗತಿ, ಜತೆಗೆ ಫ್ಲೋರೈಡಿನ ಗೋಳು ಬೇರೆ.

ಬೋರ್ ನೀರಿನಲ್ಲಿ ಸಾಮಾನ್ಯವಾಗಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಉಪ್ಪು ಹೆಚ್ಚು ಕರಗಿರುತ್ತೆ. ಗಡಸು ನೀರು ಅನ್ನೋದು ಇದಕ್ಕೇ. ಬಾರ್ ಸೋಪು ಈ ನೀರಿಗೆ ಬಿದ್ದರೆ ಕೊಳೆ ಬಿಟ್ಟು ಮೊದಲು ಆ ಉಪ್ಪಿನ ಜತೆ ಕುಸ್ತಿಗೆ ನಿಲ್ಲುತ್ತೆ. ನೊರೆ ಏಳೋದಿಲ್ಲ, ಹಾಲು ಒಡೆದ ಹಾಗೆ ಬಿಳಿ ಗಸಿ ತೇಲುತ್ತೆ. ಅದು ಬಟ್ಟೆಗೆ ಅಂಟಿ ಬಿಳಿ ಅಂಗಿ ಮಾಸಲಾಗುತ್ತೆ, ಒಣಗಿದ ಮೇಲೆ ಖಡಕ್ ರೊಟ್ಟಿ ಹಾಗೆ ಸೆಟೆಯುತ್ತೆ. ಡಿಟರ್ಜೆಂಟ್ ಪುಡಿ ಈ ವಿಷಯದಲ್ಲಿ ಸೋಪಿಗಿಂತ ಗಟ್ಟಿ. ಆದರೂ ಗಡಸು ನೀರಿಗೆ ಅದೂ ಒಂದು ಹಿಡಿ ಜಾಸ್ತಿಯೇ ಬೇಕು.

ಮನೆಯಲ್ಲಿ ನಡೆದ ಪರೀಕ್ಷೆ

ಬರೀ ಬಾಯಿಮಾತು ಬೇಡ ಅಂತ ನಮ್ಮ ಮನೆಯಲ್ಲೇ ನೋಡಿದೆವು. ಗಲ್ಫಿನಿಂದ ಬಂದದ್ದು ಒಂದು, ಇಂಗ್ಲೆಂಡಿನದು ಒಂದು, ನಮ್ಮ ಅಂಗಡಿಯ ಪುಡಿ ಒಂದು. ಮೂರು ಬಕೆಟ್ಟು, ಒಂದೇ ಬೋರಿನ ತಣ್ಣೀರು. ಇಂಗ್ಲೆಂಡಿನ ಪುಡಿ ಹಾಕಿ ಕೈಯಾಡಿಸಿದ ಮನೆಯವರು, “ಇದೇನ್ರೀ, ನೊರೆಯೇ ಇಲ್ಲ! ಇದು ಸೋಪೋ ಹಿಟ್ಟೋ?” ಅಂದರು. ಇನ್ನೊಂದು ಹಿಡಿ ಸುರಿದರು. ಆಮೇಲೆ ಅದನ್ನು ಜಾಲಿಸೋಕೆ ಎರಡು ಬಕೆಟ್ ನೀರು ಹೆಚ್ಚಿಗೆ ಬೇಕಾಯ್ತು.

ನೊರೆ ಬಾರದ್ದು ಕಲಬೆರಕೆಯಿಂದಲ್ಲ. ಆ ಪುಡಿ ಮಾಡಿರೋದೇ ಮುಂದೆ ಬಾಗಿಲಿರುವ ಮೆಷಿನ್ನಿಗೆ. ಅದರೊಳಗೆ ನೊರೆ ಹೆಚ್ಚಾದರೆ ಬಟ್ಟೆ ಸರಿಯಾಗಿ ಉಜ್ಜಾಡೋದಿಲ್ಲ, ಅದಕ್ಕೇ ಬೇಕೆಂದೇ ನೊರೆ ತಗ್ಗಿಸಿರುತ್ತಾರೆ. ಅಲ್ಲಿ ಮೆಷಿನ್ನೇ ನೀರು ಕಾಯಿಸಿಕೊಳ್ಳುತ್ತೆ. ನಮ್ಮದು ತಣ್ಣೀರು, ಕಲ್ಲು, ಹೆಂಗಸರ ರಟ್ಟೆ.

ಫಲಿತಾಂಶ ಏನು ಅಂತೀರಾ? ಕಾಲರಿನ ಕೊಳೆ ಮೂರರಲ್ಲೂ ಹೋಯ್ತು, ಹೆಚ್ಚಿನ ಕೆಲಸ ಬ್ರಷ್ಷಿನದು. ಹಾಲು, ಮೊಟ್ಟೆಯ ಕಲೆ ರಾತ್ರಿಯೆಲ್ಲ ನೆನೆಸಿಟ್ಟಾಗ ಇಂಗ್ಲೆಂಡಿನದರಲ್ಲಿ ಚೆನ್ನಾಗಿ ಬಿಟ್ಟಿತು. ಅದು ಎನ್ಜೈಮಿನ ಗುಣ, ಅಂಥ ಪುಡಿ ನಮ್ಮ ದೇಶದಲ್ಲೂ ಸಿಗುತ್ತೆ. ಚನ್ನಗಿರಿಯವರಿಗೆ ಗೊತ್ತಿರುವ ಅಡಿಕೆ ಚೊಗರಿನ ಕಲೆಯೋ? ಮೂರು ದೇಶದ ಪುಡಿಗೂ ಜಗ್ಗಲಿಲ್ಲ.

‘ಬಯೋ’ ಅಂದರೆ ಸಾವಯವ ಅಲ್ಲ

ಇಂಗ್ಲೆಂಡಿನ ಡಬ್ಬದ ಮೇಲೆ ‘ಬಯೋ’ ಅಂತ ಬರೆದಿರುತ್ತೆ. ಗಿಡಮೂಲಿಕೆ, ಮಕ್ಕಳ ಬಟ್ಟೆಗೆ ಒಳ್ಳೇದು ಅಂತ ನಂಬಬೇಡಿ. ಎನ್ಜೈಮ್ ಹಾಕಿದೆ ಅನ್ನೋದಷ್ಟೇ ಅದರ ಅರ್ಥ. ಹಾಕದ್ದನ್ನು ‘ನಾನ್-ಬಯೋ’ ಅಂತ ಬೇರೆಯೇ ಮಾರುತ್ತಾರೆ. ಮೊಟ್ಟೆಯ ಕಲೆ ಕರಗಿಸುವ ಎನ್ಜೈಮು ರೇಷ್ಮೆಯ ಎಳೆಯನ್ನೂ ಕಂಬಳಿಯ ಉಣ್ಣೆಯನ್ನೂ ತಿನ್ನಬಲ್ಲದು, ಯಾಕಂದರೆ ಅವೂ ಪ್ರೋಟೀನೇ. ಮದುವೆ ಸೀರೆಯನ್ನು ಅದರಲ್ಲಿ ಅದ್ದೀರಿ, ಜೋಕೆ!

ಇಷ್ಟಾದರೂ ಯುರೋಪಿನ ಡಬ್ಬದಿಂದ ನಾವು ಕಲಿಯಬೇಕಾದ್ದು ಒಂದಿದೆ. ಅದರ ಬೆನ್ನಿಗೆ ಒಂದು ಪಟ್ಟಿ ಇರುತ್ತೆ: ಮೃದು ನೀರಿಗೆ ಇಷ್ಟು, ಮಧ್ಯಮಕ್ಕೆ ಇಷ್ಟು, ಗಡಸು ನೀರಿಗೆ ಇಷ್ಟು. ಅಂದರೆ ಪುಡಿ ಮಾಡಿದವನೇ ಮೊದಲು ‘ನಿಮ್ಮೂರ ನೀರು ಎಂಥದ್ದು?’ ಅಂತ ಕೇಳುತ್ತಿದ್ದಾನೆ. ಜಗಳೂರಿನ ಗಿರಾಕಿಗೂ ಹೊನ್ನಾಳಿಯ ಗಿರಾಕಿಗೂ ಒಂದೇ ಚಮಚದ ಲೆಕ್ಕ ಹೇಳೋದು ಯಾವ ನ್ಯಾಯ?

ನಮ್ಮ ಮಡಿವಾಳರಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಿರಲಿಲ್ಲ. ಸವಳು ಮಣ್ಣು ಹಾಕಿ, ಉಬ್ಬೆ ಏರಿಸಿ ಬೆಳ್ಳಗೆ ಮಾಡುತ್ತಿದ್ದರು. ಆ ಮಣ್ಣಿನಲ್ಲಿರುವ ಸೋಡಾ ನೀರಿನ ಗಡಸುತನ ಮುರಿಯುತ್ತೆ. 1959ರಲ್ಲಿ ಸರ್ಫ್ ಬಂತು, ದುಡ್ಡಿದ್ದವರು ಕೊಂಡರು. 1969ರಲ್ಲಿ ಗುಜರಾತಿನ ಕರ್ಸನ್‌ಭಾಯಿ ಪಟೇಲರು ಮನೆಯಲ್ಲೇ ನಿರ್ಮಾ ಪುಡಿ ಕಲಸಿ ಸೈಕಲ್ಲಿನಲ್ಲಿ ಮಾರಿದರು, ಬಡವರ ಬಕೆಟ್ಟಿಗೂ ಪುಡಿ ಬಿತ್ತು. ಅವರು ಗೆದ್ದದ್ದು ಫಾರಿನ್ ಹೆಸರಿನಿಂದಲ್ಲ, ಗಿರಾಕಿಯ ಜೇಬು ನೋಡಿ.

ಈಗಲೂ ಬೋರ್ ನೀರಿನವರಿಗೆ ಅಗ್ಗದ ಉಪಾಯ ಅದೇ. ಪುಡಿ ಹಾಕುವ ಮುಂಚೆ ನೀರಿಗೆ ಒಂದಿಷ್ಟು ವಾಷಿಂಗ್ ಸೋಡಾ ಬೆರೆಸಿ ಸ್ವಲ್ಪ ಹೊತ್ತು ಬಿಡಿ. ಆಮೇಲೆ ಕಡಿಮೆ ಪುಡಿ ಸಾಕು. ರೇಷ್ಮೆ, ಉಣ್ಣೆಗೆ ಮಾತ್ರ ಸೋಡಾ ಬೇಡ. ಕೈಗೆ ಉರಿ ಬರುವವರು ನೇರ ಮುಟ್ಟಬೇಡಿ.

ಅಂಗಡಿಯವರಿಗೆ ಒಂದು ಮಾತು

ಸೂಟ್‌ಕೇಸಿನಲ್ಲಿ ಬಂದ ಡಬ್ಬವನ್ನು ಪರಿಚಯದವರು ತಂದುಕೊಟ್ಟರೆ ಗಲ್ಲಾದ ಹಿಂದೆ ಸಾಲಾಗಿ ಇಟ್ಟುಬಿಡಬೇಡಿ. 2011ರ ಪೊಟ್ಟಣ ಸರಕಿನ ನಿಯಮದ ಪ್ರಕಾರ ಆಮದು ಮಾಲಿನ ಮೇಲೆ ಆಮದುದಾರನ ಹೆಸರು, ವಿಳಾಸ, ತೂಕ, ಗರಿಷ್ಠ ಮಾರಾಟ ಬೆಲೆ ಇರಲೇಬೇಕು. ಅದಿಲ್ಲದ ಮಾಲು ಮಾರಿದರೆ ಮೊದಲು ಸಿಕ್ಕಿಬೀಳುವವರು ನೀವು. ಗಿರಾಕಿಯ ಕೈಗೆ ಗುಳ್ಳೆ ಎದ್ದರೆ ಅವನು ದುಬೈಗೆ ಹೋಗೋದಿಲ್ಲ, ನಿಮ್ಮ ಅಂಗಡಿಗೇ ಬರುತ್ತಾನೆ. ಕೊಳ್ಳುವವರೂ ಬಿಲ್ಲು ಕೇಳಿ. ಬಿಲ್ಲಿಲ್ಲದಿದ್ದರೆ ನಾಳೆ ಗ್ರಾಹಕರ ಆಯೋಗದ ಮುಂದೆ ಏನು ತೋರಿಸುತ್ತೀರಿ?

ಇನ್ನು ನಮ್ಮನ್ನಾಳುವವರಿಗೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಗತಿಯಿಲ್ಲದಿದ್ದರೆ 600ರವರೆಗೆ ನಡೆಯುತ್ತೆ ಅಂತ ಭಾರತೀಯ ಮಾನಕವೇ ಹೇಳಿದೆ. ನಮ್ಮ ಓಣಿಯ ಟ್ಯಾಂಕಿನ ನೀರಿನ ಸಂಖ್ಯೆ ಎಷ್ಟು? ನಲ್ಲಿ ಕಂದಾಯ ಕಟ್ಟುವವರಿಗೆ ಅದನ್ನು ಹೇಳಬೇಡವೇ? ಪುರಸಭೆ, ಪಟ್ಟಣ ಪಂಚಾಯ್ತಿ, ಗ್ರಾಮ ಪಂಚಾಯ್ತಿಯವರು ನೀರು ಪರೀಕ್ಷೆ ಮಾಡಿಸಿ, ಪ್ರತಿ ಟ್ಯಾಂಕಿನ ಮೇಲೂ ದಪ್ಪ ಅಕ್ಷರದಲ್ಲಿ ಬರೆಸಲಿ. ಡಬ್ಬ ಚಂಬು ಬಣ್ಣಕ್ಕೆ ಏನು ಮಹಾ ಖರ್ಚು? ಪುಡಿ ಕಂಪನಿಯವರೂ ಪೊಟ್ಟಣದ ಮೇಲೆ ಹೊಳೆ ನೀರಿಗೆ ಎಷ್ಟು, ಬೋರ್ ನೀರಿಗೆ ಎಷ್ಟು ಅಂತ ಕನ್ನಡದಲ್ಲಿ ಅಚ್ಚು ಹಾಕಿಸಲಿ.

ಜಗಳೂರಿನಲ್ಲಿ ಒಂದು ಬಕೆಟ್ ನೀರೂ ಲೆಕ್ಕದ್ದೇ. ಒಂದು ಹಿಡಿ ಪುಡಿ ಉಳಿದರೆ ಜಾಲಿಸುವ ಎರಡು ಬಕೆಟ್ ನೀರೂ ಉಳಿಯುತ್ತೆ, ಆ ತಾಯಿಯ ಸೊಂಟವೂ ಉಳಿಯುತ್ತೆ. ಅದಕ್ಕೆ ಫಾರಿನ್ ಡಬ್ಬ ಬೇಡ, ಟ್ಯಾಂಕಿನ ಮೇಲೆ ಒಂದು ಸಂಖ್ಯೆ ಸಾಕು.