ಓಡಿ ದಣಿದ ಬಸ್ಸು ಎಲ್ಲಿ ನಿಲ್ಲಬೇಕು?

ತುಮಕೂರಿನಿಂದ ಹೊರಟು ತಿಪಟೂರು, ಅರಸೀಕೆರೆ, ಬೇಲೂರು, ಮೂಡಿಗೆರೆಗಳನ್ನು ದಾಟಿ ಚಾರ್ಮಾಡಿ ಘಟ್ಟವನ್ನಿಳಿಯುವ ರಾಷ್ಟ್ರೀಯ ಹೆದ್ದಾರಿ 73 ಮಲೆನಾಡಿನ ಜನಕ್ಕೆ ಚಿರಪರಿಚಿತ. ಈ ದಾರಿಯಲ್ಲಿ ಕೆಂಪು ಬಸ್ಸು, ಕೊಬ್ಬರಿ ಲಾರಿ, ಕಾಫಿ ಜೀಪುಗಳ ನಡುವೆ ಈಗ ಅಪರೂಪಕ್ಕೊಮ್ಮೆ ಹೊಸ ಬಗೆಯ ವಾಹನವೊಂದು ಕಾಣಸಿಗುತ್ತದೆ. ಒಳಗೆ ಹಾಸಿಗೆ, ಅಡುಗೆಯ ಒಲೆ, ಶೌಚಾಲಯ, ನೀರಿನ ತೊಟ್ಟಿ ಎಲ್ಲವೂ ಉಂಟು. ಇದನ್ನು ಕ್ಯಾರವಾನ್ ಎನ್ನುವವರಿದ್ದಾರೆ, ಮೋಟಾರು ಮನೆ ಎನ್ನುವವರಿದ್ದಾರೆ. ಅಮೆರಿಕದಲ್ಲಿ ಹಳೆಯ ಶಾಲಾ ಬಸ್ಸುಗಳನ್ನು ಕೊಂಡು ಮನೆ ಮಾಡಿಕೊಳ್ಳುವ ಹವ್ಯಾಸ ಬೆಳೆದು ಬಹುಕಾಲವಾಯಿತು. ಅದನ್ನು ಕಂಡ ನಮ್ಮ ನಾಡಿನ ತರುಣರಲ್ಲಿಯೂ ಹಳೆಯ ಬಸ್ಸೊಂದನ್ನು ಮನೆಯಾಗಿಸಿ ಬೆಟ್ಟ ಹತ್ತುವ ಕನಸು ಚಿಗುರಿದೆ.

ಕನಸಿನ ಅರ್ಧಭಾಗ ಒಳ್ಳೆಯದು. ಹದಿನೈದು ವರ್ಷ ದುಡಿದ ಲೋಹವನ್ನು ಕೂಡಲೇ ಕುಲುಮೆಗೆ ಹಾಕದೆ ಇನ್ನೊಂದು ಬಾಳು ಕೊಡುವುದು ಮಿತವ್ಯಯದ ಲಕ್ಷಣ. ಉಳಿದ ಅರ್ಧವನ್ನು, ಎಂದರೆ ಆ ಮನೆಯನ್ನು ಮಲೆಗೆ ಓಡಿಸಿಕೊಂಡು ಬರುವ ಭಾಗವನ್ನು, ಮಲೆಯ ಜನ ಎಚ್ಚರದಿಂದ ತೂಗಿ ನೋಡಬೇಕಾಗಿದೆ.

ಮೊದಲ ಹಕ್ಕು ಪ್ರಯಾಣಿಕನದು

ಬಸ್ಸು ಮನೆಯಾಗುವುದಕ್ಕಿಂತ ಮೊದಲು ಬಸ್ಸಾಗಿಯೇ ಉಳಿಯಬೇಕು. ಈ ಮಾತು ಮಲೆನಾಡಿಗೆ ತಿಳಿದಷ್ಟು ಬೇರೆಯವರಿಗೆ ತಿಳಿಯದು. ಕಾರ್ಮಿಕರೇ ಒಡೆಯರಾಗಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಸಹಕಾರ ಸಾರಿಗೆ ಸುಮಾರು ಮೂರು ದಶಕ ಕಾಡಿನಂಚಿನ ಹಳ್ಳಿಗಳಿಗೆ ಬಸ್ಸು ಓಡಿಸಿ 2020ರಲ್ಲಿ ನಿಂತುಹೋಯಿತು. ಅದು ನಿಂತಾಗ ಶಾಲೆಯ ಮಕ್ಕಳು, ಆಸ್ಪತ್ರೆಗೆ ಹೊರಟ ವೃದ್ಧರು, ಸಂತೆಗೆ ಹೋಗುವ ಹೆಂಗಸರು ಅನುಭವಿಸಿದ ಪಾಡನ್ನು ಓದುಗರಿಗೆ ನೆನಪಿಸಬೇಕಾಗಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಪ್ರಯಾಣಿಕರ ಸಂಖ್ಯೆ ಹೆಚ್ಚಿತು. ಬಸ್ಸಿನ ಬಾಗಿಲಲ್ಲಿ ಜೋತುಬೀಳುವ ವಿದ್ಯಾರ್ಥಿಗಳ ಕಷ್ಟವೂ ಹೆಚ್ಚಿತು.

ಹಳೆಯ ಬಸ್ಸಿನ ಆಯುಷ್ಯವನ್ನು ಹೆಚ್ಚಿಸಲು ಸಾಧ್ಯವೆಂಬುದನ್ನು ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವೇ ತೋರಿಸಿಕೊಟ್ಟಿದೆ. ಚೌಕಟ್ಟು ಗಟ್ಟಿಯಿದ್ದು ಮೈ ಮಾತ್ರ ಸವೆದ ಬಸ್ಸುಗಳನ್ನು 2022ರಿಂದೀಚೆಗೆ ಅದು ತನ್ನ ಕಾರ್ಯಾಗಾರಗಳಲ್ಲಿ ಪುನಶ್ಚೇತನಗೊಳಿಸುತ್ತ ಬಂದಿದ್ದು, ಸಾವಿರಕ್ಕೂ ಹೆಚ್ಚು ಬಸ್ಸುಗಳು ಹೀಗೆ ಮರಳಿ ರಸ್ತೆಗಿಳಿದಿವೆ. ಹೊಸ ಬಸ್ಸಿನ ಬೆಲೆಯ ಸಣ್ಣ ಪಾಲಿನಲ್ಲಿ ಮುಗಿಯುವ ಈ ಕೆಲಸವೇ ಹಳೆಯ ಬಸ್ಸಿಗೆ ಸಲ್ಲಬೇಕಾದ ಮೊದಲ ಮರ್ಯಾದೆ. ಓಡಲು ಯೋಗ್ಯವಾದುದನ್ನು ಕೆಲವರ ವಿಹಾರಕ್ಕಾಗಿ ಮೀಸಲಿಡುವುದು ನ್ಯಾಯವಲ್ಲ.

ಓಡಲಾರದ ಬಸ್ಸಿನ ಎರಡನೆಯ ಬಾಳು

ಇನ್ನು ಓಡಲಾರದ ಬಸ್ಸುಗಳ ವಿಚಾರ. ಇಲ್ಲಿಯೂ ಕಣ್ಣೆದುರಿನ ಉದಾಹರಣೆಗಳಿವೆ. 2020ರ ಆಗಸ್ಟ್‌ನಲ್ಲಿ ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ನಿಗಮವು ಹಳೆಯ ಬಸ್ಸೊಂದನ್ನು ಮಹಿಳೆಯರ ಶೌಚಾಲಯವಾಗಿ ಮಾರ್ಪಡಿಸಿ ‘ಸ್ತ್ರೀ ಶೌಚಾಲಯ’ ಎಂದು ಹೆಸರಿಟ್ಟಿತು. ಮಗುವಿಗೆ ಹಾಲೂಡಿಸಲು ಅದರಲ್ಲಿ ಪ್ರತ್ಯೇಕ ಸ್ಥಳವಿತ್ತು. ಅದೇ ವರ್ಷ ಕೋವಿಡ್ ಕಾಲದಲ್ಲಿ ನಿಗಮದ ಬಸ್ಸುಗಳು ಸಂಚಾರಿ ಜ್ವರ ಚಿಕಿತ್ಸಾಲಯಗಳಾದವು. ನೆರೆಯ ಕೇರಳದ ಸಾರಿಗೆ ಸಂಸ್ಥೆಯು 2020ರ ನವೆಂಬರ್‌ನಲ್ಲಿ ಮುನ್ನಾರಿನ ಡಿಪೋದಲ್ಲಿ ಹಳೆಯ ಬಸ್ಸುಗಳೊಳಗೆ ಹದಿನಾರು ಹದಿನಾರು ಮಲಗುವ ಅಂಕಣಗಳನ್ನು ಕಟ್ಟಿ, ಆರಂಭದಲ್ಲಿ ರಾತ್ರಿಯೊಂದಕ್ಕೆ 100 ರೂಪಾಯಿ ಬಾಡಿಗೆಗೆ ಪ್ರವಾಸಿಗರಿಗೆ ನೀಡಿತು. ಅದಕ್ಕಾಗಿ ಗುಡ್ಡ ಕಡಿಯಲಿಲ್ಲ, ಚಹಾ ತೋಟ ಅಗೆಯಲಿಲ್ಲ. ಡಿಪೋದ ಅಂಗಳವೇ ಸಾಕಾಯಿತು.

ಶೌಚಾಲಯದ ಬಸ್ಸು, ಮುನ್ನಾರಿನ ಬಸ್ಸು ಎರಡೂ ಒಂದೆಡೆ ನಿಂತೇ ಸೇವೆ ಸಲ್ಲಿಸಿದವು. ಮೋಟಾರು ಮನೆಯ ಕನಸು ಕಾಣುವವರು ಈ ಪಾಠವನ್ನು ಗಮನಿಸಬೇಕು. ಮಾಮೂಲಿ ಬಸ್ಸೊಂದು ಲೀಟರ್ ಡೀಸೆಲ್ಲಿಗೆ ನಾಲ್ಕೈದು ಕಿಲೋಮೀಟರ್ ಓಡುತ್ತದೆ. ಐವತ್ತು ಜನರ ನಡುವೆ ಹಂಚಿಹೋಗುತ್ತಿದ್ದ ಆ ಖರ್ಚು, ಆ ಹೊಗೆ, ಓಡುವ ಮನೆಯಲ್ಲಿ ನಾಲ್ವರ ಪಾಲಿಗೆ ಬರುತ್ತದೆ. ಹನ್ನೊಂದು ಮೀಟರ್ ಉದ್ದದ ಬಸ್ಸು ಮಲೆಯ ಕಿರುದಾರಿಯ ತಿರುವಿನಲ್ಲಿ ಸಿಲುಕಿದರೆ ಮುಂದಿನ ಬೇಡಿಕೆ ರಸ್ತೆ ಅಗಲಗೊಳಿಸುವುದೇ ಆಗಿರುತ್ತದೆ. ಗುಡ್ಡದ ಪಾದವನ್ನು ನೆಟ್ಟಗೆ ಕಡಿದರೆ ಏನಾಗುತ್ತದೆ ಎಂಬುದಕ್ಕೆ 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಕುಸಿದ ಗುಡ್ಡ ಸಾಕ್ಷಿ.

ಮಲೆಯ ಹಳ್ಳ, ಬಯಲಿನ ತೆಂಗು

ಎಲ್ಲಕ್ಕಿಂತ ಮುಖ್ಯವಾದುದು ನೀರು. ಓಡುವ ಮನೆಯ ಹೊಟ್ಟೆಯಲ್ಲಿ ಸ್ನಾನದ ನೀರು, ಪಾತ್ರೆ ತೊಳೆದ ನೀರು, ಮಲಮೂತ್ರ ಎಲ್ಲವೂ ತುಂಬಿಕೊಳ್ಳುತ್ತವೆ. ಎರಡು ಮೂರು ದಿನಗಳಿಗೊಮ್ಮೆ ಅದನ್ನು ಎಲ್ಲಿಯಾದರೂ ಬರಿದು ಮಾಡಲೇಬೇಕು. ಅಂಥ ವಾಹನಗಳು ಬಹುಕಾಲದಿಂದ ಬಳಕೆಯಲ್ಲಿರುವ ದೇಶಗಳಲ್ಲಿ ಇದಕ್ಕೆಂದೇ ಒಳಚರಂಡಿಗೆ ಜೋಡಿಸಿದ ನೆಲೆಗಳಿವೆ. ಮಲೆನಾಡಿನ ಪೇಟೆಗಳಲ್ಲಿಯೇ ಒಳಚರಂಡಿ ಅಪರೂಪವಾಗಿರುವಾಗ ಬೆಟ್ಟದ ಮೇಲೆ ಅದನ್ನು ಹುಡುಕುವುದೆಲ್ಲಿ? ಕತ್ತಲಾದ ಮೇಲೆ ಹಳ್ಳದ ಬದಿಯಲ್ಲಿ ನಲ್ಲಿ ತಿರುಗಿಸುವುದೇ ಸುಲಭದ ದಾರಿಯಾಗಿಬಿಡುತ್ತದೆ.

ಆ ಹಳ್ಳದ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ತಿಳಿದರೆ ಈ ಪ್ರಶ್ನೆ ಮಲೆಯದಷ್ಟೇ ಅಲ್ಲವೆಂಬುದು ಮನವರಿಕೆಯಾಗುತ್ತದೆ. ಮೂಡಿಗೆರೆ ತಾಲ್ಲೂಕಿನ ಜಾವಳಿಯ ಬಳಿ ಹುಟ್ಟುವ ಹೇಮಾವತಿಯು ಗೊರೂರಿನ ಅಣೆಕಟ್ಟಿನಲ್ಲಿ ನಿಂತು, ನಾಲೆಯ ಮೂಲಕ ತುರುವೇಕೆರೆ, ತಿಪಟೂರು ತಾಲ್ಲೂಕುಗಳ ಕೆರೆಗಳನ್ನು ತಲುಪುತ್ತದೆ. ಚಿಕ್ಕನಾಯಕನಹಳ್ಳಿಯ ಕೆರೆಗಳಿಗೂ ಅದೇ ನೀರು ಬರಲಿ ಎಂದು ಅಲ್ಲಿನ ಜನ ವರ್ಷಗಟ್ಟಲೆ ಹೋರಾಡಿದ್ದಾರೆ. ಬಯಲಿನ ಆ ಮೂರು ತಾಲ್ಲೂಕುಗಳ ತೆಂಗು ಬದುಕಿರುವುದು ಮಿತವಾದ ಮಳೆ, ಆಳಕ್ಕಿಳಿದ ಕೊಳವೆಬಾವಿ ಮತ್ತು ಮಲೆಯಿಂದ ಬರುವ ಈ ನೀರಿನ ಬಲದಿಂದ. ಮಲೆಯ ತೊರೆಗೆ ಸುರಿದ ಕೊಳೆ ಬಯಲಿನ ಕೆರೆಗೂ ಬಾಕಿಯೇ.

ತೋಟದಲ್ಲಿ ನಿಂತ ಮನೆ

ಹಾಗಾದರೆ ಓಡಲಾರದ ಬಸ್ಸು ಎಲ್ಲಿ ನಿಲ್ಲಬೇಕು? ಹೆದ್ದಾರಿಗೆ ಹತ್ತಿರವಿರುವ, ಸಮತಟ್ಟಾದ, ನೆರಳಿರುವ ತೆಂಗಿನ ಸೀಮೆಯೇ ಇದಕ್ಕೆ ಸೂಕ್ತ ನೆಲೆ. ಮಲೆಗೆ ಹೊರಟ ಪ್ರವಾಸಿಯೊಬ್ಬ ತಿಪಟೂರಿನ ಬಳಿಯ ತೋಟದಲ್ಲಿ ನಿಂತ ಬಸ್ಸಿನಲ್ಲಿ ರಾತ್ರಿ ಕಳೆದು, ಬೆಳಗ್ಗೆ ಮಾಮೂಲಿ ಬಸ್ಸಿನಲ್ಲಿ ಮಲೆಗೆ ಬಂದು ಹಿಂದಿರುಗಿದರೆ ಮಲೆಯ ಮೇಲಿನ ಹೊರೆ ಇಳಿಯುತ್ತದೆ. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಯ ಕಡೆಗೆ ವಾಹನಗಳ ಸಂಖ್ಯೆಯನ್ನು ಮಿತಗೊಳಿಸಿ ಮುಂಗಡ ನೋಂದಣಿಯ ಕ್ರಮವನ್ನು 2025ರಲ್ಲಿ ತರಬೇಕಾಗಿ ಬಂದುದನ್ನು ನೆನೆದರೆ ಇದರ ಅಗತ್ಯ ಅರಿವಾಗುತ್ತದೆ.

ತೋಟದಲ್ಲಿ ಬಸ್ಸು ನಿಲ್ಲಿಸುವುದಕ್ಕೂ ಲೆಕ್ಕವುಂಟು. ತೆಂಗಿನ ಸಾಲುಗಳ ನಡುವಿನ ಶಿಫಾರಸಾದ ಅಂತರ ಸುಮಾರು 9 ಮೀಟರ್. ಗೊಬ್ಬರ, ನೀರು ಕೊಡುವ ಬುಡದ ಪಾತಿಯ ತ್ರಿಜ್ಯ 1.8 ಮೀಟರ್, ಚುರುಕಾದ ಬೇರುಗಳು ಬಹುಪಾಲು ಈ ವಲಯದ ಆಸುಪಾಸಿನಲ್ಲಿಯೇ ಇರುತ್ತವೆ. ಎರಡೂ ಬದಿಯ ಪಾತಿಗಳನ್ನು ಕಳೆದರೆ ನಡುವೆ ಉಳಿಯುವುದು 5.4 ಮೀಟರ್. ಬಸ್ಸಿನ ಅಗಲ ಎರಡೂವರೆ ಮೀಟರ್. ಜಾಗ ಸಾಕಾಗುತ್ತದೆ, ಆದರೆ ಟನ್ನುಗಟ್ಟಲೆ ಭಾರದ ಒಡಲನ್ನು ಹಸಿ ನೆಲದ ಮೇಲೆ ಎಳೆದರೆ ಮಣ್ಣು ಗಟ್ಟಿಯಾಗಿ ಬೇರಿಗೆ ಗಾಳಿ ನೀರು ತಪ್ಪುತ್ತದೆ. ಆದ್ದರಿಂದ ಬೇಸಿಗೆಯಲ್ಲಿ, ಮಣ್ಣು ಒಣಗಿರುವಾಗ, ಒಂದೇ ದಾರಿಯಲ್ಲಿ ತಂದು ಕಲ್ಲಿನ ಕಂಬಗಳ ಮೇಲೆ ಕೂರಿಸಬೇಕು.

ಸಾಲುಗಳ ನಡುವೆ ಜಾಗವಿದೆಯೆಂದು ತಲೆಯ ಮೇಲಿನದನ್ನು ಮರೆಯಬಾರದು. ಉಂಡೆ ಕೊಬ್ಬರಿಗೆ ಪೂರ್ತಿ ಬಲಿತ ಕಾಯಿಯೇ ಬೇಕಾದುದರಿಂದ ಈ ಸೀಮೆಯ ಮರಗಳಲ್ಲಿ ಒಣಗಿದ ಕಾಯಿ ಬಹುದಿನ ಉಳಿಯುತ್ತದೆ. ಎತ್ತರದಿಂದ ಬಿದ್ದ ಒಂದೇ ಕಾಯಿ ತಗಡಿನ ಮಾಡನ್ನು ತಗ್ಗಿಸಬಲ್ಲದು, ಮನುಷ್ಯನ ಪ್ರಾಣವನ್ನೂ ತೆಗೆಯಬಲ್ಲದು. ಮರ ಸತ್ತು ತೆರವಾದ ಜಾಗ ಅಥವಾ ಬೇಲಿಯಂಚಿನ ಹುಣಸೆ, ಹೊಂಗೆಯ ನೆರಳೇ ಲೇಸು. 2016ರಲ್ಲಿ ದಕ್ಷಿಣ ಭಾರತಕ್ಕೆ ಕಾಲಿಟ್ಟ ಸುರುಳಿ ಬಿಳಿನೊಣ ಬಿದ್ದ ತೋಟಗಳಲ್ಲಿ ಗರಿಯಿಂದ ತೊಟ್ಟಿಕ್ಕುವ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಅದು ಬಸ್ಸಿನ ಮಾಡನ್ನೂ ಸೌರಫಲಕವನ್ನೂ ಮುಚ್ಚುತ್ತದೆ. ಫಲಕಗಳನ್ನು ಬಯಲಲ್ಲಿ ಬೇರೆಯಾಗಿಯೇ ನಿಲ್ಲಿಸಬೇಕು.

ತಗಡಿನ ಮನೆಯ ಶತ್ರು ಸೆಕೆ. ಇದಕ್ಕೆ ಉತ್ತರ ತೆಂಗಿನ ರೈತನ ಅಟ್ಟದಲ್ಲಿಯೇ ಇದೆ. ಉಂಡೆ ಕೊಬ್ಬರಿಗಾಗಿ ಕಾಯಿಗಳನ್ನು ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿ ಇಡುತ್ತಾರೆ. ಅಟ್ಟದ ತಳದಲ್ಲಿ ಸಂದು ಬಿಟ್ಟ ಪಟ್ಟಿಗಳು, ಕೆಳಗಿನಿಂದ ಮೇಲಕ್ಕೆ ಗಾಳಿಯಾಟ, ಮೇಲೆ ದಪ್ಪನೆಯ ಮಾಡು. ಬಸ್ಸಿಗೂ ಇದೇ ಕ್ರಮ ಸಲ್ಲುತ್ತದೆ. ನೆಲದಿಂದ ಎತ್ತರಿಸಿದ ತಳ, ತಗಡಿನ ಮೇಲೆ ಒಂದಡಿ ಅಂತರದಲ್ಲಿ ಹೆಣೆದ ಗರಿಯ ಎರಡನೆಯ ಮಾಡು, ಒಳಗೆ ತೆಂಗಿನ ನಾರಿನ ಹಾಸು, ಹಳೆಯ ಮರದ ಹೊರಭಾಗದ ಗಟ್ಟಿ ಹಲಗೆಯ ಮಂಚ. ನಾರಿಗೂ ಗರಿಗೂ ಬೆಂಕಿಯ ಭಯವಿರುವುದರಿಂದ ಅಡುಗೆ ಹೊರಗೆ ಆಗಬೇಕು. ವಿದ್ಯುತ್ ತಂತಿ ಕೊಳವೆಯೊಳಗೆ ಹಾಯಬೇಕು. ಬಸ್ಸಿನ ತುರ್ತು ಬಾಗಿಲನ್ನು ಯಾವ ಕಾರಣಕ್ಕೂ ಮುಚ್ಚಕೂಡದು.

ನಿಂತ ಮನೆಯ ಕೊಳೆನೀರಿಗೆ ತೋಟದಲ್ಲಿ ದಾರಿಯಿದೆ. ಬೇಸಿಗೆಯಲ್ಲಿ ಒಂದು ಫಲ ಬಿಡುವ ಮರಕ್ಕೆ ಹನಿ ನೀರಾವರಿಯಲ್ಲಿ ದಿನಕ್ಕೆ ಸುಮಾರು 40ರಿಂದ 60 ಲೀಟರ್ ನೀರು ಬೇಕು. ಇಬ್ಬರು ಮಿಂದು ತೊಳೆದ ನೂರು ಲೀಟರನ್ನು ಮರಳು ಜಲ್ಲಿಯ ಸೋಸುಗುಂಡಿಗೆ ಹಾಯಿಸಿದರೆ ಎರಡು ಮರಗಳ ಪಾತಿಗೆ ಅದು ಸಾಕು. ಶೌಚಕ್ಕೆ ಬಾವಿಯಿಂದ ದೂರವಿರುವ ಎರಡು ಗುಂಡಿಯ ಪದ್ಧತಿ ಉತ್ತಮ. ಬಸ್ಸು ತೋಟಕ್ಕೆ ಬರುವ ಮುನ್ನವೇ ಎಂಜಿನ್ ಎಣ್ಣೆ, ಬ್ರೇಕಿನ ದ್ರವ, ಬ್ಯಾಟರಿಗಳನ್ನು ತೆಗೆದು ಕ್ರಮಬದ್ಧವಾಗಿ ಒಪ್ಪಿಸತಕ್ಕದ್ದು. ಬ್ಯಾಟರಿಯ ಸೀಸ ಮಣ್ಣಿಗಿಳಿದರೆ ಅದನ್ನು ಮರಳಿ ತೆಗೆಯುವ ಉಪಾಯವಿಲ್ಲ.

ಇದರಿಂದ ರೈತ ಸಿರಿವಂತನಾಗುತ್ತಾನೆಂದು ಹೇಳುವುದು ಸುಳ್ಳಾಗುತ್ತದೆ. ಆದರೆ ಕೊಬ್ಬರಿಯ ಬೆಲೆಯೊಂದನ್ನೇ ನಂಬಿದವನ ಪಾಡು 2023ರಲ್ಲಿ ಬಯಲಾಯಿತು. ಕ್ವಿಂಟಾಲಿಗೆ 11,750 ರೂಪಾಯಿ ಬೆಂಬಲ ಬೆಲೆ ಘೋಷಣೆಯಾಗಿದ್ದರೂ ತಿಪಟೂರು ಮಾರುಕಟ್ಟೆಯಲ್ಲಿ ದರ ಅದಕ್ಕಿಂತ ಬಹಳ ಕೆಳಗಿಳಿದು ರೈತರು ಬೀದಿಗಿಳಿದರು. 2025ರಲ್ಲಿ ಅದೇ ಕೊಬ್ಬರಿ ಅದರ ಎರಡು ಪಟ್ಟಿಗೂ ಮೀರಿ ಏರಿತು. ಹೀಗೆ ಏರಿಳಿಯುವ ಆದಾಯದ ಪಕ್ಕದಲ್ಲಿ ಸಣ್ಣದೊಂದು ನಿಲುಗಡೆಯ ವರಮಾನ ಇರಲಿ ಎಂಬಷ್ಟೇ ಇಲ್ಲಿನ ಆಶಯ.

ಕಾನೂನಿನ ತೊಡಕು

ದಾರಿಗೆ ಅಡ್ಡಿಯಾಗಿರುವುದು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ ನೋಂದಣಿ ಪತ್ರದಲ್ಲಿರುವ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮನಬಂದಂತೆ ಮಾರ್ಪಡಿಸುವ ಹಾಗಿಲ್ಲ. ಹೆದ್ದಾರಿಯ ಸುರಕ್ಷತೆಗೆ ಇದು ಅಗತ್ಯ. ಓಡುವ ಮನೆ ಕಟ್ಟುವವರು ಮೊದಲು ಸಾರಿಗೆ ಕಚೇರಿಯ ಅನುಮತಿ ಪಡೆಯಲೇಬೇಕು. ಎರಡನೆಯದು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮ. ಸಾರಿಗೆ ನಿಗಮಗಳ ಬಸ್ಸೂ ಸೇರಿದಂತೆ ಹದಿನೈದು ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿ ಮುಂದುವರಿಯದು; ಅವನ್ನು ನೋಂದಾಯಿತ ಗುಜರಿ ಘಟಕಗಳ ಮೂಲಕವೇ ವಿಲೇವಾರಿ ಮಾಡಬೇಕು. ಹೊಗೆಯುಗುಳುವ ಎಂಜಿನ್ನನ್ನು ರಸ್ತೆಯಿಂದ ತೆಗೆಯುವ ಈ ಉದ್ದೇಶ ಸರಿಯಾದುದೇ. ಆದರೆ ಎಂಜಿನ್ ತೆಗೆದ ಬರಿಯ ಒಡಲಿನಿಂದ ಯಾವ ಹೊಗೆಯೂ ಬಾರದು.

ಆದ್ದರಿಂದ ಆಗಬೇಕಾದುದು ಒಂದು ಚಿಕ್ಕ ತಿದ್ದುಪಡಿ. ನೋಂದಣಿ ರದ್ದಾಗಿ, ಎಂಜಿನ್, ಗೇರ್‌ಪೆಟ್ಟಿಗೆ, ಅಚ್ಚುಗಳು ಗುಜರಿ ಘಟಕಕ್ಕೆ ಸಂದಾಯವಾದ ಬಸ್ಸಿನ ಒಡಲನ್ನು ನಿಂತ ಬಳಕೆಗಾಗಿ ಗ್ರಾಮ ಪಂಚಾಯಿತಿ, ಸರ್ಕಾರಿ ಶಾಲೆ, ರೈತ ಸಹಕಾರ ಸಂಘಗಳಿಗೆ ಗುಜರಿ ಬೆಲೆಯಲ್ಲಿ ಕೊಡುವ ಅವಕಾಶವಿರಬೇಕು. ಜೊತೆಗೆ, ತೋಟದಲ್ಲಿ ಬಾಡಿಗೆಗೆ ಇಡುವ ಇಂಥ ಬಸ್ಸಿಗೆ ಭೂ ಪರಿವರ್ತನೆಯ ನಿಯಮ ಹೇಗೆ ಅನ್ವಯಿಸುತ್ತದೆ ಎಂಬುದನ್ನು ಕಂದಾಯ ಇಲಾಖೆ ಸ್ಪಷ್ಟಪಡಿಸಬೇಕು. ಇಲ್ಲವಾದರೆ ಒಂದು ತೋಟಕ್ಕೆ ಒಂದು ಬಸ್ಸು ಎಂದು ಮೊದಲಾದುದು ಒಂದು ತೋಟಕ್ಕೆ ಇಪ್ಪತ್ತು ಬಸ್ಸಾಗಿ, ಬಯಲಿನಲ್ಲಿಯೂ ರೆಸಾರ್ಟು ತಲೆಯೆತ್ತೀತು.

ಮಲೆಯ ಗ್ರಾಮಸಭೆಗಳ ಕೆಲಸ ಇದಕ್ಕಿಂತ ಸರಳವಾದುದು. ತಮ್ಮ ಎಲ್ಲೆಯೊಳಗೆ ಓಡುವ ಮನೆಗಳು ರಾತ್ರಿ ಎಲ್ಲಿ ನಿಲ್ಲಬಹುದು, ಎಲ್ಲಿ ನಿಲ್ಲಕೂಡದು, ಕೊಳೆನೀರನ್ನು ಎಲ್ಲಿ ಒಪ್ಪಿಸಬೇಕು ಎಂಬುದನ್ನು ಈ ಬೇಸಿಗೆಯ ರಜೆಗೆ ಮುನ್ನವೇ ನಿರ್ಣಯ ಮಾಡಿ ಹಲಗೆಯ ಮೇಲೆ ಬರೆದು ನಿಲ್ಲಿಸಬೇಕು. ವಿದ್ಯಾರ್ಥಿಗಳು ತಮ್ಮೂರಿನ ಹಳ್ಳದ ನೀರು ಯಾವ ನದಿಗೆ ಸೇರಿ ಯಾರ ತೋಟವನ್ನು ತಲುಪುತ್ತದೆ ಎಂಬ ನಕ್ಷೆಯನ್ನು ತಾವೇ ಬರೆದು ಆ ಹಲಗೆಯ ಪಕ್ಕದಲ್ಲಿ ತೂಗುಹಾಕಲಿ. ಓಡಬಲ್ಲ ಬಸ್ಸು ಹಳ್ಳಿಗೆ ಓಡಲಿ. ಓಡಲಾರದ ಬಸ್ಸು ತೆಂಗಿನ ಸೀಮೆಯಲ್ಲಿ ನಿಂತು ಎರಡನೆಯ ಬಾಳು ಬಾಳಲಿ. ಹೇಮಾವತಿಯ ನೀರು ಜಾವಳಿಯಲ್ಲಿ ಹುಟ್ಟಿದಷ್ಟೇ ತಿಳಿಯಾಗಿ ತುರುವೇಕೆರೆಯನ್ನು ಮುಟ್ಟಲಿ.