ಡಿಸ್ಚಾರ್ಜ್ ಕಾರ್ಡಿನಲ್ಲಿ ಇಲ್ಲದ ಮಾತು

ತಲೆ ಆಪರೇಷನ್ ಮಾಡಿಸಿಕೊಂಡು ಬೆಂಗಳೂರಿನಿಂದ ರಾಯಚೂರು ಜಿಲ್ಲೆಯ ದೇವದುರ್ಗಕ್ಕೋ ಮಾನ್ವಿಗೋ ಮರಳುವವರ ಕೈಯಲ್ಲಿ ಡಿಸ್ಚಾರ್ಜ್ ಕಾರ್ಡು ಇರುತ್ತದೆ. ಫಿಟ್ಸ್ ಗುಳಿಗೆ ಯಾವ ಹೊತ್ತಿಗೆ, ಮುಂದಿನ ಸ್ಕ್ಯಾನ್ ಯಾವಾಗ ಎಂಬುದೆಲ್ಲ ಅದರಲ್ಲಿ ಉಂಟು. ರೋಗಿಯ ಸಿಟ್ಟು, ನಾಚಿಕೆ, ಕಾಮ ಬದಲಾಗಬಹುದೆಂಬ ಮಾತು ಮಾತ್ರ ಅಪರೂಪ. ಅದನ್ನು ಆಪರೇಷನ್‌ಗೆ ಮೊದಲೇ, ತಿಳಿಯುವ ಕನ್ನಡದಲ್ಲಿ, ಗಂಡ ಹೆಂಡತಿ ಇಬ್ಬರಿಗೂ ಹೇಳುವುದು ಚಿಕಿತ್ಸೆಯ ಭಾಗವೇ ಆಗಬೇಕೆಂಬುದು ನನ್ನ ವಾದ. ಹೇಳದಿದ್ದರೆ ಮೆದುಳಿನ ಗಾಯಕ್ಕೆ ಮನೆಯಲ್ಲಿ ಬೇರೆ ಹೆಸರು ಬೀಳುತ್ತದೆ: ಗಂಡಸಾದರೆ ಸೊಕ್ಕು, ಹೆಂಗಸಾದರೆ ನಡತೆಗೇಡು, ಯಾವುದೂ ಹೊಂದದಿದ್ದರೆ ಗಾಳಿ ಸೋಕಿದ್ದು.

ವೈದ್ಯಲೋಕಕ್ಕೆ ಇದೇನೂ ಹೊಸದಲ್ಲ. ಮಂಗಗಳ ಮೆದುಳಿನ ಎರಡೂ ಕಡೆಯ ಟೆಂಪೊರಲ್ ಹಾಲೆ ತೆಗೆದರೆ ಅವು ಭಯ ಮರೆತು, ಕಂಡದ್ದನ್ನೆಲ್ಲ ಬಾಯಿಗಿಟ್ಟು, ಹೊತ್ತುಗೊತ್ತಿಲ್ಲದೆ ಕಾಮಕ್ಕೆ ಎರಗುತ್ತವೆಂದು ಕ್ಲೂವರ್ ಮತ್ತು ಬ್ಯೂಸಿ ಎಂಬ ವಿಜ್ಞಾನಿಗಳು 1930ರ ದಶಕದಲ್ಲೇ ತೋರಿಸಿದ್ದರು. 1955ರಲ್ಲಿ ಅಂಥ ಆಪರೇಷನ್ ಆದ ಮನುಷ್ಯನಲ್ಲೂ ಅದೇ ಲಕ್ಷಣ ವರದಿಯಾಯಿತು. ನಮ್ಮಲ್ಲೂ, ನಿಮ್ಹಾನ್ಸ್‌ನ ಪೂರ್ವರೂಪವಾದ ಬೆಂಗಳೂರಿನ ಮಾನಸಿಕ ಆಸ್ಪತ್ರೆಯಲ್ಲಿ, ಡಾ. ಎಂ.ವಿ. ಗೋವಿಂದಸ್ವಾಮಿ ಮತ್ತು ಡಾ. ಬಾಲಕೃಷ್ಣ ರಾವ್ ಮನೋರೋಗಿಗಳಿಗೆ ಲ್ಯೂಕಾಟಮಿ, ಅಂದರೆ ಮೆದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಆಪರೇಷನ್, ನಡೆಸಿ 1944ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಅಲ್ಲಿ ನಡತೆ ಬದಲಾಗುವುದು ಅಡ್ಡಪರಿಣಾಮವಲ್ಲ, ಅದೇ ಉದ್ದೇಶ. ಬೇಕೆಂದೇ ಮಾಡಬಹುದಾದದ್ದು ಬೇಡದೆಯೂ ಆದೀತೆಂದು ಒಪ್ಪಲು ಸಂಕೋಚವೇಕೆ? ಇಂದು ಟೆಂಪೊರಲ್ ಹಾಲೆಯನ್ನು ಎರಡೂ ಕಡೆ ಕತ್ತರಿಸುವುದಿಲ್ಲ, ಅಪಾಯ ಬಹಳ ತಗ್ಗಿದೆ. ಆದರೂ ಮುಂಭಾಗದ ಹಾಲೆಗೆ ಪೆಟ್ಟಾದರೆ ಅಂಕೆ ತಪ್ಪಬಹುದು, ಇಲ್ಲವೇ ಯಾವುದರಲ್ಲೂ ಆಸಕ್ತಿ ಉಳಿಯದಿರಬಹುದು. ಪಿಟ್ಯುಟರಿ ಗ್ರಂಥಿಯ ಗಡ್ಡೆ ತೆಗೆದ ಮೇಲೆ ಹಾರ್ಮೋನ್ ಇಳಿದು ಕಾಮವೇ ಬತ್ತಬಹುದು. ಇದಕ್ಕಂತೂ ಔಷಧವಿದೆ, ರೋಗಿ ಬಾಯಿಬಿಡಬೇಕಷ್ಟೆ. ಎಷ್ಟೋ ಸಲ ಸಿಡುಕಿಗೆ ಕಾರಣ ಆಪರೇಷನ್ ಕೂಡ ಅಲ್ಲ, ಫಿಟ್ಸ್‌ಗೆ ಕೊಡುವ ಲೆವೆಟಿರಸೆಟಮ್ ಗುಳಿಗೆ. ಇನ್ನು ಮೂರ್ಛೆರೋಗದಿಂದ ಕುಂದಿದ್ದ ಆಸೆ ಆಪರೇಷನ್ ನಂತರ ಮರಳುವುದೂ ಉಂಟು. ವರ್ಷಗಟ್ಟಲೆ ಬರಿದಾಗಿದ್ದ ದಾಂಪತ್ಯಕ್ಕೆ ಅದೂ ಗಲಿಬಿಲಿಯೇ.

ಇದನ್ನೆಲ್ಲ ಹೇಳಿದರೆ ಜನ ಹೆದರಿ ಆಪರೇಷನ್ನೇ ಬೇಡವೆಂದಾರು ಎನ್ನುವವರಿದ್ದಾರೆ. ಜೀವ ಹೋಗಬಹುದು, ಕೈಕಾಲು ಬೀಳಬಹುದು ಎಂದು ಹೇಳಿಯೇ ಸಹಿ ಹಾಕಿಸಿಕೊಳ್ಳುತ್ತಾರಲ್ಲ! ಹೆದರಿಕೆ ಕೇಳುವವರಿಗಿಂತ ಹೇಳುವವರಿಗೇ ಹೆಚ್ಚು, ಅದೂ ಮುಜುಗರದ್ದು. ಎರಡನೆಯ ಆಕ್ಷೇಪ ಗಟ್ಟಿಯಾದದ್ದು: ಮೆದುಳಿನ ನೆಪ ಹೇಳಿ ಮಾಡಿದ ತಪ್ಪಿನಿಂದ ಜಾರಿಕೊಂಡರೆ? 2003ರಲ್ಲಿ ವರದಿಯಾದ ಅಮೆರಿಕದ ಶಿಕ್ಷಕನೊಬ್ಬನಿಗೆ ಮಕ್ಕಳ ಮೇಲೆ ಕಾಮ ಹುಟ್ಟಿತು. ಕಣ್ಣುಗುಳಿಯ ಮೇಲಿನ ಮೆದುಳಿನ ಗಡ್ಡೆ ತೆಗೆದಾಗ ಅದು ನಿಂತಿತು, ಗಡ್ಡೆ ಮತ್ತೆ ಬೆಳೆದಾಗ ಮರಳಿತು. ತಾನು ಮಾಡುವುದು ತಪ್ಪೆಂದು ಅವನಿಗೆ ಗೊತ್ತಿತ್ತು, ತಡೆದುಕೊಳ್ಳಲು ಆಗಲಿಲ್ಲ. ಈ ವಿವರಣೆಯಿಂದ ನೊಂದವರ ನೋವು ಕಡಿಮೆಯಾಗದು. ಅವರ ರಕ್ಷಣೆಯೇ ಮೊದಲು. ಆದರೆ ಗಡ್ಡೆಯನ್ನು ಹುಡುಕದೆ ಬರೀ ಶಿಕ್ಷೆ ಕೊಟ್ಟಿದ್ದರೆ ಮಕ್ಕಳಿಗೆ ಅಪಾಯ ತಪ್ಪುತ್ತಿರಲಿಲ್ಲ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಮನೋರೋಗಕ್ಕಾಗಿ ಮೆದುಳಿನ ಶಸ್ತ್ರಕ್ರಿಯೆ ಮಾಡಲು ರೋಗಿಯ ಒಪ್ಪಿಗೆಯ ಜೊತೆಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಅನುಮತಿಯೂ ಬೇಕು. ಗಡ್ಡೆಗೋ ಫಿಟ್ಸ್‌ಗೋ ಮಾಡುವ ಆಪರೇಷನ್‌ಗೆ ಅಷ್ಟು ಕಟ್ಟುಪಾಡು ಬೇಡ. ತಿಳಿಸುವುದು, ಆಮೇಲೆ ವಿಚಾರಿಸುವುದು, ಎರಡಾದರೆ ಸಾಕು. ವಿಚಾರಿಸುವುದಕ್ಕೆ, ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರನ್ನು ಕಳಿಸುವ ‘ಮನೋಚೈತನ್ಯ’ ಎಂಬ ಸರ್ಕಾರಿ ಕಾರ್ಯಕ್ರಮ ಇದ್ದೇ ಇದೆ. ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ರಿಮ್ಸ್ ಕೂಡ ಬೆಂಗಳೂರಿನಷ್ಟು ದೂರವಲ್ಲ. ಮಾನ್ವಿಯ ಹೆಣ್ಣುಮಗಳು ಗಂಡನೆದುರು, ಅತ್ತೆಯೆದುರು ಈ ಸಂಗತಿ ಎತ್ತಲಾರಳು. ಅವಳನ್ನು ಬೇರೆ ಕೂರಿಸಿ ನರ್ಸಮ್ಮನೇ ಕೇಳಬೇಕು, ಹೊಲಿಗೆ ಬಿಚ್ಚಿದ ದಿನವಲ್ಲ, ಮನೆಗೆ ಹೋಗಿ ನಾಲ್ಕಾರು ತಿಂಗಳು ಕಳೆದ ಮೇಲೆ.