ಚೆಸ್ ಆಡಿದ್ದು ನೀವೋ, ನಿಮ್ಮ ಮೊಬೈಲೋ?

2021ರ ಜೂನ್ 13ರಂದು ಕೋವಿಡ್ ಪರಿಹಾರಕ್ಕೆ ಹಣ ಕೂಡಿಸಲು ಆನ್‌ಲೈನ್ ಚೆಸ್ ಪ್ರದರ್ಶನ ನಡೆಯಿತು. ಐದು ಬಾರಿಯ ವಿಶ್ವ ಚಾಂಪಿಯನ್ ವಿಶ್ವನಾಥನ್ ಆನಂದ್ ಎದುರು ನಮ್ಮ ಕಿಚ್ಚ ಸುದೀಪ್, ಆಮಿರ್ ಖಾನ್ ಮೊದಲಾದವರು ಆಡಿದರು. ಬೆಂಗಳೂರಿನ ಜೆರೋಧಾ ಕಂಪನಿಯ ಸಹ ಸಂಸ್ಥಾಪಕ ನಿಖಿಲ್ ಕಾಮತ್ ಮಾತ್ರ ಆನಂದ್ ಅವರನ್ನು ಸೋಲಿಸಿಬಿಟ್ಟರು! ಆಟವನ್ನು ವಿಶ್ಲೇಷಿಸುತ್ತಿದ್ದವರ ಮತ್ತು ಕಂಪ್ಯೂಟರಿನ ನೆರವು ಪಡೆದಿದ್ದೆ ಎಂದು ಮರುದಿನ ಅವರೇ ಒಪ್ಪಿಕೊಂಡು ಕ್ಷಮೆ ಕೇಳಿದರು. ಚೆಸ್ ಡಾಟ್ ಕಾಮ್ ಅವರ ಖಾತೆಯನ್ನು ಮುಚ್ಚಿ, ಇದು ರೇಟಿಂಗ್ ಇಲ್ಲದ ಪಂದ್ಯವೆಂದು ಆಮೇಲೆ ಮತ್ತೆ ತೆರೆಯಿತು. ತಾನು ಬೋರ್ಡಿನ ಮೇಲಿದ್ದದ್ದನ್ನಷ್ಟೇ ನೋಡಿ ಆಡಿದೆ, ಉಳಿದವರಿಂದಲೂ ಅದನ್ನೇ ನಿರೀಕ್ಷಿಸಿದ್ದೆ ಎಂದು ಆನಂದ್ ಸುಮ್ಮನಾದರು.

ದಾನಕ್ಕಾಗಿ ಆಡಿದ ಆಟ, ಬಿಡಿ ಎನ್ನುವವರಿದ್ದಾರೆ. ಸರಿ, ಬಿಡೋಣ. ಆದರೆ ರೇಟಿಂಗ್ ಇರುವ ಕಡೆ?

ಸೊರಬದಿಂದ ಶಿಕಾರಿಪುರದ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುವ ನಮ್ಮಂಥವರಿಗೆ ಚೆಸ್ ಕೋಚ್ ಇಲ್ಲ. ರೇಟಿಂಗ್ ಟೂರ್ನಿ ಬೇಕೆಂದರೆ ಶಿವಮೊಗ್ಗಕ್ಕೋ ಬೆಂಗಳೂರಿಗೋ ಹೋಗಬೇಕು. ಎಂಟ್ರಿ ಫೀಸು, ಬಸ್ ಚಾರ್ಜು, ಉಳಿಯಲು ರೂಮು. ಹಾಗಾಗಿ ಮೊಬೈಲೇ ನಮ್ಮ ಮೈದಾನ. ಅಲ್ಲಿ ಒಮ್ಮೆ ಒಬ್ಬ ಎದುರಾಳಿ ಸಿಕ್ಕಿದ್ದ. ಕುದುರೆಯನ್ನು ಹೊಡೆಯುವ ಸುಲಭದ ನಡೆಗೂ ಆರು ಸೆಕೆಂಡ್, ತಲೆ ಕೆಡಿಸುವ ನಡೆಗೂ ಅದೇ ಆರು ಸೆಕೆಂಡ್. ಮನುಷ್ಯ ಹಾಗೆ ಯೋಚಿಸುವುದಿಲ್ಲ. ಕೆಲವು ದಿನಗಳಲ್ಲಿ ಅವನ ಖಾತೆ ಮುಚ್ಚಿತು, ನನ್ನ ಅಂಕ ವಾಪಸ್ ಬಂತು. ನನಗೆ ಅಷ್ಟೇನೂ ನಷ್ಟವಾಗಲಿಲ್ಲ. ಆದರೆ ನಮ್ಮ ಹಾಸ್ಟೆಲಿನ ಜೂನಿಯರ್ ಒಬ್ಬ ಇಂಥವರ ಎದುರು ಸೋತು ಸೋತು, "ನಂಗೆ ಆಟನೇ ಬರಲ್ಲ ಬಿಡಣ್ಣ" ಎಂದು ಆ್ಯಪನ್ನೇ ಅಳಿಸಿಹಾಕಿದ. ಎದುರಿಗಿದ್ದದ್ದು ಯಂತ್ರ ಎಂಬುದು ಅವನಿಗೆ ಹೊಳೆಯಲೇ ಇಲ್ಲ. ಈ ಮೋಸದಲ್ಲಿ ನನಗೆ ಹೆಚ್ಚು ಸಿಟ್ಟು ತರಿಸುವುದು ಇದೇ: ಸೋತವನು ತನ್ನ ಬುದ್ಧಿಯನ್ನೇ ಅನುಮಾನಿಸುತ್ತಾನೆ.

ಯಂತ್ರದ ಮೇಲೆ ನನಗೇನೂ ಹಗೆಯಿಲ್ಲ. 1997ರಲ್ಲಿ ಡೀಪ್ ಬ್ಲೂ ಕಂಪ್ಯೂಟರ್ ಕಾಸ್ಪರೋವ್ ಅವರನ್ನು ಸೋಲಿಸಿತು. ಮರುವರ್ಷವೇ ಕಾಸ್ಪರೋವ್ ಸ್ಪೇನಿನ ಲಿಯೋನ್‌ನಲ್ಲಿ ಪಕ್ಕದಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಟೋಪಲೋವ್ ಜೊತೆ ಆಡಿದರು. ಟೋಪಲೋವ್ ಪಕ್ಕದಲ್ಲೂ ಒಂದಿತ್ತು. 1999ರಲ್ಲಿ ಅದೇ ಊರಿನಲ್ಲಿ, ಅದೇ ಬಗೆಯ ಪಂದ್ಯದಲ್ಲಿ ಕಾರ್ಪೋವ್ ಅವರನ್ನು ಸೋಲಿಸಿದವರು ಯಾರು ಗೊತ್ತೆ? ಇದೇ ಆನಂದ್! ಅದನ್ನು ಯಾರೂ ಮೋಸ ಎನ್ನಲಿಲ್ಲ. ಇಬ್ಬರ ಬಳಿಯೂ ಯಂತ್ರವಿತ್ತು, ಇಬ್ಬರಿಗೂ ಗೊತ್ತಿತ್ತು, ನೋಡುವವರಿಗೂ ಗೊತ್ತಿತ್ತು.

ಈಗ ಸ್ಟಾಕ್‌ಫಿಶ್ ಎಂಬ ಚೆಸ್ ಎಂಜಿನ್ ಪುಕ್ಕಟೆ ಸಿಗುತ್ತದೆ. ಸಾಧಾರಣ ಮೊಬೈಲಿನಲ್ಲೂ ಓಡಿ ವಿಶ್ವ ಚಾಂಪಿಯನ್‌ನನ್ನೂ ಮೀರಿಸುತ್ತದೆ. "ಎಲ್ಲರಿಗೂ ಸಿಗುವಾಗ ಅನ್ಯಾಯ ಎಲ್ಲಿಂದ ಬಂತು?" ಎಂದು ಗೆಳೆಯರು ವಾದಿಸುತ್ತಾರೆ. ಬ್ಲೂಟೂತ್ ಕೂಡ ಎಲ್ಲರಿಗೂ ಸಿಗುತ್ತದಲ್ಲ! 2021ರ ಅಕ್ಟೋಬರಿನಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ನಡೆದ ಪರೀಕ್ಷೆಯಲ್ಲಿ ಬ್ಲೂಟೂತ್, ಒಎಂಆರ್ ಅಕ್ರಮ ಬಯಲಾಗಿ ಫಲಿತಾಂಶವೇ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ನಿಯತ್ತಾಗಿ ಓದಿ ಬರೆದವರೂ ಮತ್ತೆ ಕೂತು ಬರೆಯಬೇಕಾಯಿತು. ಕಿವಿಯೊಳಗೆ ಉತ್ತರ ಹೇಳುವವನಿಗೂ ಪಕ್ಕದ ಮೊಬೈಲಿನಲ್ಲಿ ನಡೆ ಹೇಳುವ ಎಂಜಿನ್ನಿಗೂ ನನಗೇನೂ ವ್ಯತ್ಯಾಸ ಕಾಣುವುದಿಲ್ಲ.

ಹಾಗೆಂದು ಎಂಜಿನ್ ಮುಟ್ಟಲೇಬಾರದು ಎಂದರೆ ನಮ್ಮಂಥ ಊರಿನವರಿಗೇ ಪೆಟ್ಟು. ಆಟ ಮುಗಿದ ಮೇಲೆ ಎಲ್ಲಿ ತಪ್ಪಿದೆವು ಎಂದು ತೋರಿಸಿಕೊಡುವ ಗುರು ನಮಗೆ ಅದೊಂದೇ. ಅದರಿಂದ ಬೇಗ ಕಲಿತವನ ಮೇಲೂ ಈಗ ಅನುಮಾನ ಬೀಳುತ್ತಿದೆ. ಹಳ್ಳಿ ಹುಡುಗಿಯೊಬ್ಬಳು ಬೆಂಗಳೂರಿನವರನ್ನು ಆನ್‌ಲೈನಿನಲ್ಲಿ ಸೋಲಿಸಿದರೆ ಮೊದಲು ಬರುವ ಪ್ರಶ್ನೆ, "ಎಂಜಿನ್ ಇಟ್ಕೊಂಡಿದ್ಯಾ?"

ಕಾಲೇಜುಗಳು ಟೂರ್ನಿ ಮಾಡುವಾಗ ಮೊದಲ ಸುತ್ತುಗಳು ಬೇಕಾದರೆ ಆನ್‌ಲೈನಿನಲ್ಲೇ ಇರಲಿ. ಕೊನೆಯ ಎಂಟು ಜನರನ್ನು ಶಿಕಾರಿಪುರಕ್ಕೋ ಸೊರಬಕ್ಕೋ ಕರೆಸಿ, ಮೊಬೈಲುಗಳನ್ನು ತೀರ್ಪುಗಾರರ ಮೇಜಿನ ಮೇಲೆ ಇಡಿಸಿ, ಮರದ ಕಾಯಿಗಳಲ್ಲಿ ಆಡಿಸಲಿ. ಬಸ್ ಚಾರ್ಜನ್ನು ಕಾಲೇಜೇ ಕೊಟ್ಟರೆ ಬರಲು ನಾವು ತಯಾರು.